ಅಪ್‌ಡೇಟ್: ಸೈಡ್ ಕಂಟ್ರೋಲ್‌ನಿಂದ ಹೊರಬರೋದು

ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಆಡೋ ಕುಸ್ತಿ ಥರದ್ದು) ಕಲಿಯೋಕೆ ಶುರುಮಾಡಿ, ಎದುರಾಳಿ ಅಡ್ಡಲಾಗಿ ಎದೆ ಮೇಲೆ ಒರಗಿದಾಗ (ಇದೇ ಸೈಡ್ ಕಂಟ್ರೋಲ್) ಶ್ರಿಂಪ್, ಅಂದ್ರೆ ಮಲಗಿದ್ದಲ್ಲೇ ಸೊಂಟ ಹಿಂದಕ್ಕೆ ಜರುಗಿಸೋದು, ಯಾಕೆ ಆಗಲ್ಲ ಅಂತ ತುಮಕೂರಿಂದ ಕೇಳಿದ್ದೆ. ಉತ್ತರಿಸಿದವರಿಗೆ ಥ್ಯಾಂಕ್ಸ್, ಈಗ ಆಗ್ತಿದೆ.

ಸೊಂಟ ಜರುಗಿಸೋ ಮುಂಚೆ ಫ್ರೇಮ್, ಅಂದ್ರೆ ಭಾರ ತಡೆಯೋಕೆ ಕೈಗಳ ಆಸರೆ ಬೇಕು: ಒಂದು ಮುಂದೋಳು ಅವರ ಕತ್ತಿಗೆ ಅಡ್ಡ, ಇನ್ನೊಂದು ಸೊಂಟದ ಮೂಳೆಗೆ. ಮೊಣಕೈ ಮಡಚೇ ಇರಲಿ; ಕೈ ಪೂರ್ತಿ ಚಾಚಿ ತಳ್ಳಿದ್ರೆ ಆರ್ಮ್‌ಬಾರ್‌ಗೆ (ಮೊಣಕೈ ಕೀಲಿಗೆ ಹಾಕೋ ಪಟ್ಟು) ನಾವೇ ಕೈ ಕೊಟ್ಟಂಗೆ. ಆಮೇಲೆ ನಮ್ಮ ಹಿಮ್ಮಡಿಗಳನ್ನ ಹತ್ತಿರ ಎಳ್ಕೊಂಡು, ಅವರ ಕಡೆಗೇ ಭುಜದ ಮೇಲೆ ಬ್ರಿಡ್ಜ್, ಅಂದ್ರೆ ಸೊಂಟ ಮೇಲೆತ್ತೋದು. ಎತ್ತಿ ಎಸೆಯೋಕಲ್ಲ, ಒಂದು ಗೇಣು ಜಾಗಕ್ಕೆ ಅಷ್ಟೇ. ಬ್ರಿಡ್ಜ್ ಇಳಿಯುವಾಗಲೇ ಸೊಂಟ ಹಿಂದಕ್ಕೆ. ತಡವಾದ್ರೆ ಭಾರ ವಾಪಸ್ ಬೀಳುತ್ತೆ. ಅವರ ಕಡೆಗಿರೋ ನಮ್ಮ ಮಂಡಿಯನ್ನ ಆ ಸಂದಿಗೆ ತೂರಿಸಿದ್ರೆ ಗಾರ್ಡ್ (ಅವರನ್ನ ನಮ್ಮ ಕಾಲುಗಳಿಂದ ತಡೆಯೋ ಸ್ಥಿತಿ) ಸಿಕ್ತು.

ಮನೇಲಿ ಪ್ರಾಕ್ಟೀಸಿಗೆ ಪ್ಲಾಸ್ಟಿಕ್ ಚಾಪೆ ಬೇಡ, ಮೊಸಾಯಿಕ್ ನೆಲದ ಮೇಲೆ ಜಾರುತ್ತೆ. ಫೋಮ್ ಮ್ಯಾಟ್ ವಾಸಿ.