ಸೊಸೈಟಿ ಸಾಲ ಬಂದಿದ್ದು ನಮಗೆ ಮಾತ್ರ ಕೊನೆಗೆ ಗೊತ್ತಾಗುವುದು ಯಾಕೆ?

ಜೋಳದಹೊಲ:
ಅಪ್ಪ ನಮ್ಮೂರ ಕೃಷಿ ಸಹಕಾರ ಸೊಸೈಟಿಯ ಹಳೇ ಷೇರುದಾರರು. ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು, ನಮಗೆ ಮಾತ್ರ ಇನ್ನೂ ಹಳೇ ಮೊತ್ತವೇ. ಕೇಳಿದರೆ ಸೊಸೈಟಿಗೆ ಸಾಲದ ದುಡ್ಡು ಕೊಡುವ ಡಿಸಿಸಿ (ಜಿಲ್ಲಾ ಸಹಕಾರ) ಬ್ಯಾಂಕಿನಿಂದ ದುಡ್ಡು ಬಂದಿಲ್ಲ ಅಂತಾರೆ. ನಿರ್ದೇಶಕರ ನೆಂಟರಿಗೆ, ಅವರ ಜೊತೆ ಕೂತು ಚಹಾ ಕುಡಿಯುವವರಿಗೆ ಅದು ಹೇಗೋ ಬಂದಿರುತ್ತದೆ. ಯೂರಿಯಾ ಲೋಡ್ ಬಂದರೂ ಇದೇ ಕಥೆ, ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಗೋದಾಮು ಖಾಲಿ. ಎಲ್ಲಾ ಕಡೆ ಹೀಗೇನಾ?

ಡೇರಿ ರಸ್ತೆ:
ಸಾಲದ ವಿಷಯದಲ್ಲಿ ಬಹುತೇಕ ಹೀಗೇ. ಆದರೆ ಅದೇ ಊರಿನ ಹಾಲಿನ ಡೇರಿ ನೋಡಿ, ಅಲ್ಲಿ ಈ ಜಗಳ ಕಮ್ಮಿ. ಹಾಲು ಸುರಿದ ತಕ್ಷಣ ಮಷಿನ್ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ತೋರಿಸಿ ಚೀಟಿ ಕೊಡುತ್ತದೆ. ಕಾರ್ಯದರ್ಶಿಯ ಅಳಿಯನೇ ನೀರು ಬೆರೆಸಿ ತಂದರೂ ಚೀಟಿಯಲ್ಲಿ ಗೊತ್ತಾಗುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸೀದಾ ಖಾತೆಗೆ (ತಡವಾಗುತ್ತದೆ, ಆದರೆ ಎಲ್ಲರಿಗೂ ತಡ). ಸಾಲಕ್ಕೆ ಮಷಿನ್ ಎಲ್ಲಿದೆ? ದುಡ್ಡು ಇರುವುದು ಇಷ್ಟೇ, ಕೇಳುವವರು ಜಾಸ್ತಿ, ನಾಲ್ಕು ಜನ ಕೂತು ಪಟ್ಟಿ ಬರೆಯುತ್ತಾರೆ. ಪರಿಚಯ ಕೆಲಸ ಮಾಡುವುದು ಅಲ್ಲೇ.

ಕೆಂಪುಮಣ್ಣು:
ಸುಮ್ನೆ ಎಲ್ಲವನ್ನೂ ನಿರ್ದೇಶಕರ ತಲೆಗೆ ಕಟ್ಟಬೇಡಿ. ಬಡ್ಡಿ ಮಾಫಿ ಇರುವುದು ವಾಯಿದೆಯೊಳಗೆ ಕಟ್ಟಿದವರಿಗೆ. ಅಣ್ಣತಮ್ಮಂದಿರು, ಬೀಗರು ಇರುವವರು ಎರಡು ದಿನಕ್ಕೆ ಕೈಗಡ ತಂದು ಕಟ್ಟಿ, ಮತ್ತೆ ಸಾಲ ಎತ್ತಿ ಕೈಗಡ ತೀರಿಸುತ್ತಾರೆ. ಗಂಡ ಸತ್ತು ಒಂಟಿಯಾಗಿ ಬೇಸಾಯ ಮಾಡುವ ಹೆಂಗಸಿಗೆ ಲಕ್ಷ ರೂಪಾಯಿ ಕೈಗಡ ಯಾರು ಕೊಡ್ತಾರೆ ಹೇಳಿ? ಆಕೆ ಸುಸ್ತಿದಾರಳಾಗುತ್ತಾಳೆ, ಬಡ್ಡಿಯೂ ಬೀಳುತ್ತದೆ. ಪಹಣಿ ಇನ್ನೂ ಮಾವನ ಹೆಸರಲ್ಲಿದ್ದರಂತೂ ಸಾಲದ ಮಾತೇ ಇಲ್ಲ. ಇಲ್ಲಿ ಯಾವ ನಿರ್ದೇಶಕನೂ ಏನೂ ಮಾಡಿರುವುದಿಲ್ಲ, ಅಲ್ವಾ?

ಜೋಳದಹೊಲ:
ಇದು ನಿಜ. ನಮ್ಮ ಓಣಿಯಲ್ಲೇ ಅಂಥವರಿದ್ದಾರೆ. ಆದರೂ ಪಟ್ಟಿ ನೋಡುವ ದಾರಿ ಏನಾದರೂ ಇದೆಯಾ?

ಹಳೇಷೇರು:
ಮೊದಲು ಅಪ್ಪ ಮಹಾಸಭೆಗೆ ಹೋಗ್ತಾರಾ ಕೇಳಿ. ಸಾಲುಸಾಲು ಸಭೆ ತಪ್ಪಿಸಿದರೆ ಸೊಸೈಟಿ ಚುನಾವಣೆ ಹೊತ್ತಿಗೆ ಮತಕ್ಕೆ ಅನರ್ಹರ ಪಟ್ಟಿಗೆ ಹಾಕುತ್ತಾರೆ, ಆಮೇಲೆ ಅವರನ್ನು ಓಲೈಸುವ ಗರಜು ಯಾರಿಗೂ ಇರುವುದಿಲ್ಲ. ನೋಟಿಸ್ ಮುಟ್ಟದಿದ್ದರೆ ಬರವಣಿಗೆಯಲ್ಲಿ ಕೇಳಿ. ಸೊಸೈಟಿಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ನಮಗೆ ಅನ್ವಯಿಸಲ್ಲ ಅಂತಾರೆ, 2013ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸುತ್ತಾರೆ. ಅದೇ ತೀರ್ಪಿನಲ್ಲಿ, ಸಹಕಾರ ಸಂಘಗಳ ನಿಬಂಧಕರು (ಸೊಸೈಟಿಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಅಧಿಕಾರಿ) ಕಾನೂನು ಪ್ರಕಾರ ಸೊಸೈಟಿಯಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು ಅಂತಲೂ ಇದೆ. ಹಾಗಾಗಿ ಅರ್ಜಿಯನ್ನು ಎಆರ್ (ಸಹಾಯಕ ನಿಬಂಧಕರ) ಆಫೀಸಿಗೆ ಹಾಕಿ. ಒಬ್ಬರೇ ಹಾಕಬೇಡಿ, ನಿಮ್ಮ ಓಣಿಯವರು ನಾಲ್ಕೈದು ಜನ ಸೇರಿ.