ಈ ವಾರದ ಸಮಸ್ಯೆ: ಉಸಿರುಗಟ್ಟಿಸಿ ಬೀಗ ಜಡಿದವನು

ಕೊಥ್ರುಡ್‌ನಿಂದ:
ಪುಣೆಯ ಗೆಳೆಯರೇ, ಈ ಸಲ ಭಾಮಿನಿ ಷಟ್ಪದಿ. ಸಮಸ್ಯೆ ಅಂದರೆ ನಾನು ಕೊಡೋ ಕೊನೆಯ ಸಾಲು, ಅದಕ್ಕೆ ಹೊಂದೋ ಹಾಗೆ ಉಳಿದ ಐದು ಸಾಲು ಬರೆಯೋದು ನಿಮ್ಮ ಪೂರಣ. ಸಾಲು ಇದು:

ಉಸಿರುಗಟ್ಟಿಸಿ ಬೀಗ ಜಡಿದವನುಸಿರನುಳಿಸಿದನು

ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರೋದು, ತಪ್ಪಬಾರದು. ಯೋಗಿ, ಪ್ರಾಣಾಯಾಮ ಬೇಡ, ಅದು ಎಲ್ಲರಿಗೂ ಮೊದಲೇ ಹೊಳೆಯುತ್ತೆ.

ಔಂಧ್‌ನಿಂದ:
ಅಕ್ಕಾ, ನನ್ನ ಪೂರಣ. ನಾಯಕ ಲಡಾಖ್‌ನ ಮಾರ್ಮಟ್, ಅಳಿಲಿನ ಬಳಗದ ದಪ್ಪ ಪ್ರಾಣಿ.

ಹಸಿರು ಕಂತಲು ಹಿಮದ ನಾಡಲಿ
ಬಿಸಿಲು ಮಾಯಲು ಮಣ್ಣು ಕಲ್ಲನು
ಬೆಸೆದು ಬಾಗಿಲ ಮುಚ್ಚಿ ಬಳಗದ ನಡುವೆ ಮಲಗಿದನು
ಕುಸಿಯೆ ಮೈಬಿಸಿ ಎದೆಯ ಬಡಿತವು
ಹಸಿವು ಮರೆಯಿತು ಮೈಯ ಕೊಬ್ಬಲಿ
ಉಸಿರುಗಟ್ಟಿಸಿ ಬೀಗ ಜಡಿದವನುಸಿರನುಳಿಸಿದನು

ಹಡಪ್ಸರ್‌ನಿಂದ:
'ಕುಸಿಯೆ ಮೈಬಿಸಿ' ತುಂಬಾ ಹಿಡಿಸಿತು ಸರ್. ಆದರೆ ಒಂದು ಅನುಮಾನ. ಇಡೀ ಸಂಸಾರ ಒಂದೇ ಬಿಲದಲ್ಲಿ ಚಳಿಗಾಲ ಪೂರ್ತಿ ಮಲಗಿದರೆ ಒಳಗಿನ ಆಮ್ಲಜನಕ ಇಳಿಯುತ್ತಾ ಹೋಗುತ್ತೆ, ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಅಲ್ವಾ? ಬೀಗ ಹಾಕಿ ಉಸಿರು ಉಳಿದದ್ದು ಹೇಗೆ ಅಂತ ಪದ್ಯವೇ ಹೇಳಬೇಕು.

ಔಂಧ್‌ನಿಂದ:
ಅದಕ್ಕೇ ನಾಲ್ಕನೇ ಸಾಲು ಇರೋದು. ಮೈ ತಣ್ಣಗಾಗಿ, ಎದೆ ನಿಮಿಷಕ್ಕೆ ನಾಲ್ಕೈದು ಸಲ ಬಡಿಯೋ ಹಂತಕ್ಕೆ ಬಂದಾಗ ಬೇಕಾಗೋ ಆಮ್ಲಜನಕವೇ ತೀರಾ ಕಡಿಮೆ. ಉಸಿರೂ ಒಂದೇ ಸಮ ಇರಲ್ಲ. ಕೆಲವು ಉಸಿರು, ಆಮೇಲೆ ನಿಮಿಷಗಟ್ಟಲೆ ಏನೂ ಇಲ್ಲ, ಮತ್ತೆ ಕೆಲವು ಉಸಿರು. ಜೊತೆಗೆ ಮಣ್ಣಿನ ಸಂದಿನಲ್ಲಿ ಗಾಳಿ ಸ್ವಲ್ಪ ಸ್ವಲ್ಪ ಓಡಾಡುತ್ತೆ.

ಇನ್ನೊಂದು, ನಮಗೆ ಉಸಿರು ಬಿಗಿಹಿಡಿದಾಗ ಒದ್ದಾಟ ಆಗೋದು ಜಾಸ್ತಿ ಪಾಲು ಡೈಆಕ್ಸೈಡ್ ಏರೋದರಿಂದ. ಹೊರಗಿನ ಗಾಳಿಯಲ್ಲಿ ಅದು ಶೇಕಡಾ 0.04ರಷ್ಟು ಮಾತ್ರ, ಬಿಲದಲ್ಲಿ ಅದರ ಎಷ್ಟೋ ಪಟ್ಟು ಆಗಬಹುದು. ಬಿಲವಾಸಿಗಳಿಗೆ ಆ ಒದ್ದಾಟ ನಮ್ಮಷ್ಟು ಬೇಗ ಹತ್ತಲ್ಲ. ಅವುಗಳ ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ ಕೂಡ ಇರೋ ಅಷ್ಟಿಷ್ಟು ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಕಷ್ಟ ಬರೋದು ನಡುನಡುವೆ ಎಚ್ಚರವಾಗಿ ಮೈ ಬಿಸಿ ಮಾಡಿಕೊಳ್ಳುವಾಗ, ಆಗ ಆಮ್ಲಜನಕದ ಖರ್ಚು ಒಮ್ಮೆಲೇ ಏರುತ್ತೆ. ಇದನ್ನೆಲ್ಲಾ ಆರು ಸಾಲಲ್ಲಿ ತುರುಕಿದ್ದರೆ ಪದ್ಯ ಸತ್ತೇ ಹೋಗುತ್ತಿತ್ತು.

ಪಿಂಪ್ರಿಯಿಂದ:
ಹಾಗಿದ್ದರೆ ಪೂರ್ವ ಆಫ್ರಿಕಾದಲ್ಲಿ ನೆಲದೊಳಗೆ ಬಾಳೋ ಇಲಿಯಂಥ ಪ್ರಾಣಿ ಬೋಳು ಮೋಲ್ ರ‍್ಯಾಟ್ ಇನ್ನೂ ಒಳ್ಳೇ ನಾಯಕ ಅಲ್ವಾ? ಆಮ್ಲಜನಕವೇ ಇಲ್ಲದೆ 18 ನಿಮಿಷ ಬದುಕುತ್ತೆ ಅಂತ 2017ರಲ್ಲಿ ಒಂದು ಸಂಶೋಧನೆ ಬಂದಿತ್ತು.

ಕೊಥ್ರುಡ್‌ನಿಂದ:
ಸತ್ಯ ತಮ್ಮಾ, ಆದರೆ ಅದು ಶಿಶಿರನಿದ್ದೆ ಮಾಡಲ್ಲ. ನೂರಾರು ಒಡಹುಟ್ಟುಗಳ ಮಧ್ಯೆ ವರ್ಷವಿಡೀ ಅದೇ ಗಾಳಿ. ಅದನ್ನು ಮಾರ್ಮಟ್ ಪದ್ಯಕ್ಕೆ ಸೇರಿಸಿದರೆ 'ಮಲಗಿದನು' ಸುಳ್ಳಾಗುತ್ತೆ. ಆಮ್ಲಜನಕ ನಿಂತಾಗ ಅದರ ಮಿದುಳು, ಎದೆ ಎರಡೂ ಫ್ರಕ್ಟೋಸ್ ಸುಟ್ಟು ನಡೆಯುತ್ತವೆ. ಹಣ್ಣಿನಲ್ಲಿರೋ ಸಕ್ಕರೆ ಅದು, ಈ ಪ್ರಾಣಿಯೋ ನೆಲದೊಳಗಿನ ಗೆಡ್ಡೆ ತಿಂದು ಬದುಕೋದು! ಔಂಧ್‌ನವರ ಪೂರಣ ಈ ವಾರದ್ದು ಅಂತ ಇಟ್ಟುಕೊಳ್ಳೋಣ. ಮೋಲ್ ರ‍್ಯಾಟ್‌ಗೆ ಬೇರೆ ಸಾಲೇ ಬೇಕು, ಮುಂದಿನ ವಾರಕ್ಕೆ ತಗೊಳ್ಳಿ, ಪ್ರಾಸ 'ಣ್ಣ':

ಹಣ್ಣ ಕಾಣದ ಜೀವವುಳಿಸಿತು ಹಣ್ಣ ಸಕ್ಕರೆಯು