ತಂಗಿ ಜರ್ಮನಿಗೆ ಓ ಪೇರ್ ಆಗಿ ಹೋಗ್ತೀನಿ ಅಂತಿದ್ದಾಳೆ, ಕಳಿಸೋದಾ ಬೇಡ್ವಾ?

ಹಾಸನದ ಅಕ್ಕ

ನಮಸ್ಕಾರ. ನಾವು ಹಾಸನದವರು. ನನ್ನ ತಂಗಿಗೆ 22 ವರ್ಷ, ಬಿ.ಎ. ಮುಗಿದಿದೆ. ಬೆಂಗಳೂರಲ್ಲಿ ಪಿಜಿಯಲ್ಲಿದ್ದುಕೊಂಡು ಜರ್ಮನ್ ಕಲಿತಳು, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಅನ್ನೋ ಮೊದಲ ಹಂತದ ಪರೀಕ್ಷೆಯೂ ಪಾಸಾಯಿತು. ಈಗ ಅಲ್ಲಿನ ಒಂದು ಮನೆಯವರ ಜೊತೆ ವೀಡಿಯೋ ಕಾಲ್ ಮಾಡಿ, ಒಂದು ವರ್ಷ ಓ ಪೇರ್ ಆಗಿ ಹೋಗ್ತೀನಿ ಅಂತ ಕೂತಿದ್ದಾಳೆ. ಅವರ ಮನೆಯಲ್ಲೇ ಇರಬೇಕು, ಎರಡು ಮಕ್ಕಳನ್ನು ನೋಡಿಕೊಳ್ಳಬೇಕು, ಸಣ್ಣಪುಟ್ಟ ಮನೆಗೆಲಸ. ಊಟ, ರೂಮು, ಇನ್ಶೂರೆನ್ಸ್ ಅವರದು. ತಿಂಗಳಿಗೆ 280 ಯೂರೋ. ಅದಕ್ಕೆ ಸಂಬಳ ಅನ್ನಲ್ಲ, ಕೈಖರ್ಚಿನ ದುಡ್ಡು ಅಂತಾರೆ.

ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ಇಲ್ಲಿ ಕುಡಿದ ಲೋಟ ತೊಳೆಯದವಳು, ಅಲ್ಲಿ ಯಾರದೋ ಮನೆ ಮುಸುರೆ ತಿಕ್ಕೋಕೆ ಹೋಗ್ತಾಳಾ" ಅಂತ. ತಂಗಿ ಹೇಳೋದು ಇದು ಕೆಲಸವೇ ಅಲ್ಲ, ಭಾಷೆ ಕಲಿಯೋದು, ಅವರ ಹಬ್ಬ ಅಡುಗೆ ನೋಡೋದು, ನಮ್ಮದು ಅವರಿಗೆ ತೋರಿಸೋದು ಅಂತ. ನನಗೆ ಮುಸುರೆ ವಿಷಯ ದೊಡ್ಡದಲ್ಲ. ದಿನಾ ಮಕ್ಕಳನ್ನು ಏಳಿಸಿ, ತಿನ್ನಿಸಿ, ಶಾಲೆಗೆ ಬಿಟ್ಟು ಬರೋದು ಕೆಲಸ ತಾನೇ? ಅದಕ್ಕೆ ಬೇರೆ ಹೆಸರು ಯಾಕೆ ಬೇಕು? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮೂಡಿಗೆರೆ ಹುಡುಗಿ

ಅಕ್ಕಾ, ನಾನು ಹೋಗಿದ್ದೆ. ಒಂದು ವರ್ಷ ಪೂರ್ತಿ ಮುಗಿಸಿದೆ, ಈಗ ಅಲ್ಲೇ ನರ್ಸಿಂಗ್ ತರಬೇತಿಯಲ್ಲಿದ್ದೇನೆ. ಹೋಗಿದ್ದಕ್ಕೆ ಬೇಜಾರಿಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಹೋಗೋದು ಬೇಡ.

ಜರ್ಮನಿಯ ನಿಯಮ ಇದು: ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆಗಿಂತ ಜಾಸ್ತಿ ಇಲ್ಲ. ವಾರಕ್ಕೆ ಒಂದೂವರೆ ದಿನ ರಜ. ವರ್ಷಕ್ಕೆ ನಾಲ್ಕು ವಾರ ರಜ, ಆಗಲೂ ಕೈಖರ್ಚು ಕೊಡಬೇಕು. ಭಾಷಾ ತರಗತಿಗೆ ತಿಂಗಳಿಗೆ 70 ಯೂರೋ ಅವರೇ ಕೊಡಬೇಕು. ಕಾಗದದ ಮೇಲೆ ಚೆನ್ನಾಗೇ ಇದೆ ಅಲ್ವಾ.

ನಮ್ಮಪ್ಪ ತೋಟದಲ್ಲಿ ರೈಟರ್. ಸಾಯಂಕಾಲ ಲೈನ್ ಮನೆ ಮುಂದೆ ಕೂತು ಹಾಜರಿ ಪುಸ್ತಕದಲ್ಲಿ ಒಂದಾಳು, ಅರ್ಧ ಆಳು ಅಂತ ಬರೆಯೋದು ನೋಡಿಕೊಂಡೇ ಬೆಳೆದವಳು ನಾನು. ಅದೇ ಅಭ್ಯಾಸಕ್ಕೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಾ ಗಂಟೆ ಬರೆದಿಡುತ್ತಿದ್ದೆ. ಮೊದಲ ತಿಂಗಳು ವಾರಕ್ಕೆ 28, 30. ನಾಲ್ಕನೇ ತಿಂಗಳಿಗೆ 38, 41. ಯಾರೂ ಗದರಿಸಿ ಮಾಡಿಸಿದ್ದಲ್ಲ. "ಇವತ್ತೊಂದು ಸಂಜೆ ಇರ್ತೀಯಾ, ಮಕ್ಕಳು ಹೇಗೂ ಮಲಗಿರ್ತಾರೆ" ಅಂತ ಪ್ರೀತಿಯಿಂದಲೇ ಕೇಳೋರು. ಮಕ್ಕಳು ಮಲಗಿದ್ದರೂ ನಾನು ಮನೆ ಬಿಟ್ಟು ಹೊರಗೆ ಕಾಲಿಡೋ ಹಾಗಿಲ್ಲ, ಅದೂ ಗಂಟೆಯೇ. ಬುಧವಾರ ಸಂಜೆಯ ನನ್ನ ಜರ್ಮನ್ ಕ್ಲಾಸು ಎರಡು ಸಲ ಹೀಗೇ ತಪ್ಪಿತು.

ಒಂದು ದಿನ ಧೈರ್ಯ ಮಾಡಿ ಊಟದ ಟೇಬಲ್ ಮೇಲೆ ನೋಟ್‌ಬುಕ್ ತೆರೆದಿಟ್ಟೆ. ಆ ಮನೆಯಾಕೆಯ ಮುಖ ಕೆಂಪಗಾಯಿತು. ಎರಡು ನಿಮಿಷ ಮಾತೇ ಇಲ್ಲ. ಆಮೇಲೆ ಗಂಡನನ್ನು ಕರೆದು, ಇಬ್ಬರೂ ಕೂತು ವಾರದ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದರು. ಅಲ್ಲಿಂದ ಮುಂದೆ ತೊಂದರೆ ಆಗಲಿಲ್ಲ. ನನ್ನ ಗೆಳತಿಗೆ ಸಿಕ್ಕ ಮನೆಯವರು ಹಾಗಿರಲಿಲ್ಲ, "ನಿನ್ನನ್ನು ಮನೆಯವಳ ಹಾಗೆ ನೋಡಿಕೊಂಡರೆ ನೀನು ಲೆಕ್ಕ ಬರೀತೀಯಾ" ಅಂದರಂತೆ. ಅವಳು ಎರಡು ವಾರದ ನೋಟಿಸ್ ಕೊಟ್ಟು ಬೇರೆ ಮನೆ ಹುಡುಕಿಕೊಂಡಳು.

ಅರಸೀಕೆರೆ

"ಮನೆಯವಳ ಹಾಗೆ." ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ಪಿಯುಸಿಗೆ ನನ್ನನ್ನು ಹಾಸನದಲ್ಲಿ ದೂರದ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಓದಿಸ್ತೀವಿ, ಮನೆ ಮಗಳ ಹಾಗೆ ನೋಡ್ಕೋತೀವಿ ಅಂತ ಕರೆದುಕೊಂಡು ಹೋದರು. ಬೆಳಗ್ಗೆ ಐದಕ್ಕೆ ಎದ್ದು ಬಾಗಿಲು ತೊಳೆದು, ಪಾತ್ರೆ ಮುಗಿಸಿ, ಅವರ ಚಿಕ್ಕ ಮಗನಿಗೆ ಯೂನಿಫಾರ್ಮ್ ಹಾಕಿ ಕಳಿಸಿ ಕಾಲೇಜಿಗೆ ಓಡಬೇಕು. ನನ್ನ ಜಾಗ ಹಾಲಿನಲ್ಲಿ, ಚಾಪೆ ಮೇಲೆ. ರಾತ್ರಿ ಟಿವಿ ಧಾರಾವಾಹಿ ಮುಗಿಯೋ ತನಕ ಚಾಪೆ ಹಾಸೋ ಹಾಗಿರಲಿಲ್ಲ, ಪುಸ್ತಕ ಬಿಚ್ಚೋದು ಆಮೇಲಿನ ಮಾತು. ಅವರು ಕೆಟ್ಟವರಲ್ಲ, ಹಬ್ಬಕ್ಕೆ ಬಟ್ಟೆ ತೆಗೆಸಿಕೊಟ್ಟರು. ಆದರೆ ಸಂಬಳ ಕೇಳೋಕೆ ನಾನು ಕೆಲಸದವಳಲ್ಲ, ಆಗಲ್ಲ ಅನ್ನೋಕೆ ಮಗಳೂ ಅಲ್ಲ.

ಓ ಪೇರ್ ವಿಷಯದಲ್ಲೂ ಇದೇ ಕಥೆ, ಅಮೆರಿಕದಲ್ಲಿ ಏನಾಗಿದೆ ನೋಡಿ. ಅಲ್ಲಿ ವಾರಕ್ಕೆ 45 ಗಂಟೆವರೆಗೆ ಮಾಡಿಸಬಹುದು. ಗಂಟೆಗೆ 7.25 ಡಾಲರ್ ಕನಿಷ್ಠ ಕೂಲಿ ಹಿಡಿದರೆ 326.25 ಆಗುತ್ತೆ. ಊಟ, ರೂಮು ಅಂತ ಶೇ. 40 ಮುರಿದುಕೊಂಡು ವಾರಕ್ಕೆ ಕನಿಷ್ಠ 195.75 ಡಾಲರ್ ಅಂತ ಇಟ್ಟರು. ಕನಿಷ್ಠ ಅಂತ ಇದ್ದದ್ದನ್ನೇ ಓ ಪೇರ್‌ಗಳನ್ನು ಮನೆಗಳಿಗೆ ಸೇರಿಸೋ ಏಜೆನ್ಸಿಗಳು ಸೇರಿಕೊಂಡು ಎಲ್ಲರಿಗೂ ಒಂದೇ ರೇಟು ಮಾಡಿಬಿಟ್ಟವು ಅಂತ ಹುಡುಗಿಯರು ಕೋರ್ಟಿಗೆ ಹೋದರು. 2019ರಲ್ಲಿ ಆ ಏಜೆನ್ಸಿಗಳು 6.55 ಕೋಟಿ ಡಾಲರ್ ಕೊಡೋಕೆ ಒಪ್ಪಿ ರಾಜಿಯಾದವು. ನಾರ್ವೆಯಂತೂ 2024ರಲ್ಲಿ ಈ ವ್ಯವಸ್ಥೆಯನ್ನೇ ಮುಚ್ಚಿತು. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಬಹುಪಾಲು ಫಿಲಿಪ್ಪೀನ್ಸ್ ಹುಡುಗಿಯರು. ದುಡಿದು ಊರಿಗೆ ಹಣ ಕಳಿಸೋಕೆ ಹೋದವರಿಗೆ ಸಂಸ್ಕೃತಿ ಅಂತ ಹೆಸರು ಹಾಕಿ ಕಡಿಮೆ ಕೊಡೋದು ತಪ್ಪು. ನನ್ನ ಮಾತು ಇಷ್ಟೇ.

ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ಸಂಕಟ ಅರ್ಥವಾಯಿತು. ಆದರೂ ಒಂದು ಮಾತು. ನಮ್ಮ ತಂದೆ ಚಿಕ್ಕಮಗಳೂರಿನಲ್ಲಿ ವಾರಾನ್ನ ಉಂಡು ಹೈಸ್ಕೂಲು ಮುಗಿಸಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಂದು ಮನೆಯಲ್ಲಿ ಬಾವಿಯಿಂದ ನಾಲ್ಕು ಕೊಡ ನೀರು ಸೇದಿಸುತ್ತಿದ್ದರಂತೆ. ಅದನ್ನು ಅವರು ಶೋಷಣೆ ಅಂತ ಎಂದೂ ಹೇಳಲಿಲ್ಲ, ಕೊನೆಯವರೆಗೂ ಆ ಮನೆಯವರನ್ನು ನೆನೆಯುತ್ತಿದ್ದರು. ಓ ಪೇರ್ ಅಂದರೆ ಫ್ರೆಂಚ್‌ನಲ್ಲಿ ಸರಿಸಮ ಅಂತ ಅರ್ಥ. 1969ರಲ್ಲೇ ಯುರೋಪಿನ ದೇಶಗಳು ಇದಕ್ಕೆ ಒಪ್ಪಂದ ಮಾಡಿಕೊಂಡಿವೆ. ಎಲ್ಲವನ್ನೂ ಕೂಲಿಯ ಲೆಕ್ಕದಲ್ಲಿ ನೋಡಿದರೆ ಮನುಷ್ಯ ಸಂಬಂಧಕ್ಕೆ ಜಾಗ ಎಲ್ಲಿ?

ಅರಸೀಕೆರೆ

ಮೇಷ್ಟ್ರೇ, ವಾರಾನ್ನಕ್ಕೆ ಹೋದವರು ಗಂಡುಮಕ್ಕಳು. ಉಂಡು, ಕೈ ತೊಳೆದು, ಎದ್ದು ಹೋಗುತ್ತಿದ್ದರು. ನಾನು ಅಲ್ಲೇ ಇದ್ದೆ.

ನಿವೃತ್ತ ಮೇಷ್ಟ್ರು

ಈ ದಿಕ್ಕಿನಲ್ಲಿ ನಾನು ಯೋಚಿಸಿರಲಿಲ್ಲ. ನೀವು ಹೇಳಿದ್ದು ನಿಜ.

ಹಾಸನದ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ತಂಗಿಗೆ ಓದಿಸಿದೆ. ಅರಸೀಕೆರೆಯವರು ಬರೆದಿದ್ದನ್ನು ಎರಡು ಸಲ ಓದಿದಳು, ಏನೂ ಹೇಳಲಿಲ್ಲ.

ನಿನ್ನೆ ರಾತ್ರಿ ಆ ಮನೆಯವರಿಗೆ ಮತ್ತೆ ಕಾಲ್ ಮಾಡಿದಳು, ಈ ಸಲ ನಾನೂ ಅಮ್ಮನೂ ಪಕ್ಕದಲ್ಲೇ ಕೂತಿದ್ದೆವು. ರೂಮು ತೋರಿಸಿ ಅಂದಳು, ಫೋನ್ ಹಿಡಿದುಕೊಂಡು ಹೋಗಿ ತೋರಿಸಿದರು. ಬೇರೆ ರೂಮೇ, ಒಳಗಿಂದ ಬಾಗಿಲು ಹಾಕಿಕೊಳ್ಳಬಹುದು. ಸಂಜೆ ಮಕ್ಕಳು ಮಲಗಿದ ಮೇಲಿನ ಗಂಟೆ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದನ್ನು ಯೋಚಿಸಿಲ್ಲ, ಬರೆದು ಕಳಿಸ್ತೀವಿ ಅಂದರು. ಅಮ್ಮ ಕೇಳಿಸಿದ್ದು ಒಂದೇ, ಜ್ವರ ಬಂದರೆ ಇವಳಿಗೆ ಗಂಜಿ ಯಾರು ಕೊಡ್ತಾರೆ ಅಂತ. ಗಂಜಿಗೆ ಜರ್ಮನ್‌ನಲ್ಲಿ ಏನಂತಾರೆ ಅಂತ ತಂಗಿಗೆ ಹೊಳೆಯಲೇ ಇಲ್ಲ, ಸೂಪ್ ಅಂದಳು.

ಬರವಣಿಗೆಯಲ್ಲಿ ಉತ್ತರ ಬಾರದೆ ವೀಸಾಗೆ ಅರ್ಜಿ ಹಾಕಲ್ಲ ಅಂತ ಅವಳೇ ಹೇಳಿದ್ದಾಳೆ. ಹೋದ ವರ್ಷ ಆ ಮನೆಯಲ್ಲಿದ್ದ ಹುಡುಗಿ ಕೊಲಂಬಿಯಾದವಳಂತೆ, ಅವಳ ನಂಬರ್ ಕೊಟ್ಟಿದ್ದಾರೆ. ನಾಳೆ ಸಂಜೆ ಮಾತಾಡ್ತಾಳೆ. ಮೂಡಿಗೆರೆಯವರೇ, ಅವಳ ಹತ್ತಿರ ಇನ್ನೇನು ಕೇಳಬೇಕು ಅಂತ ಇವತ್ತು ರಾತ್ರಿಯೊಳಗೆ ಬರೆದುಬಿಡಿ.